ದೊಡ್ಡ ಗಾಡಿಯ ಮೋಹವೂ ಡೀಸೆಲಿನ ಲೆಕ್ಕವೂ

ಹೊಟ್ಟೆಪಾಡಿಗಾಗಿ ಹೊರನಾಡಿಗೆ ಬಂದು ನೆಲೆಯೂರಿದ ಕನ್ನಡಿಗನ ಏಳಿಗೆಯನ್ನು ಅವನು ಏರಿದ ವಾಹನಗಳಿಂದಲೇ ಅಳೆಯಬಹುದೇನೋ. ಮೊದಲು ಲೋಕಲ್ ಗಾಡಿಯ ಎರಡನೆಯ ದರ್ಜೆಯ ಪಾಸು. ಬಳಿಕ ಒಂದು ಸ್ಕೂಟರು. ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಕೈಬದಲಾದ ಒಂದು ಪದ್ಮಿನಿಯೋ, ಸಾಲದಲ್ಲಿ ಕೊಂಡ ಮಾರುತಿ 800ಓ. ಈಗ ಮೂರನೆಯ ತಲೆಮಾರಿನ ಕೈಗೆ ಸಂಪಾದನೆ ಬಂದಿದೆ. ಠಾಣೆಯ ಘೋಡ್‌ಬಂದರ್ ರಸ್ತೆ, ಡೊಂಬಿವಲಿಯ ಪಲಾವಾ, ಕಲ್ಯಾಣದ ಖಡಕ್‌ಪಾಡಾ, ನವಿಮುಂಬಯಿಯ ಖಾರ್ಘರ್, ನೆರೂಳ್ ಹೀಗೆ ಯಾವ ಸೊಸಾಯಿಟಿಯ ಅಂಗಳಕ್ಕೆ ಕಾಲಿಟ್ಟರೂ ಆಳೆತ್ತರದ ಡೀಸೆಲ್ ಗಾಡಿಗಳು ಸಾಲುಗಟ್ಟಿ ನಿಂತಿರುವುದನ್ನು ಕಾಣುತ್ತೇವೆ. ಅವುಗಳಲ್ಲಿ ಕೆಲವಕ್ಕೆ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಸುವ ವ್ಯವಸ್ಥೆಯೂ ಉಂಟು. ನಮ್ಮವರ ಈ ಏಳಿಗೆಯನ್ನು ಕಂಡು ಕರುಬುವವನು ನಾನಲ್ಲ. ದುಡಿದವನು ಸುಖಪಡಲಿ. ಆದರೆ ಈ ಖರೀದಿಯನ್ನು ಸಮರ್ಥಿಸಲು ನಮ್ಮ ಮನೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತನ್ನು ಮಾತ್ರ ತೂಗಿ ನೋಡಬೇಕೆನಿಸುತ್ತದೆ. ‘ಡೀಸೆಲ್ ಅಗ್ಗ, ಆದುದರಿಂದ ದೊಡ್ಡ ಗಾಡಿಯೇನೂ ದುಬಾರಿಯಲ್ಲ’ ಎಂಬುದೇ ಆ ಮಾತು.

ಈ ನಂಬಿಕೆ ಹುಟ್ಟಿದ್ದು ಸುಳ್ಳಿನ ಮೇಲಲ್ಲ. ಅದಕ್ಕೊಂದು ಇತಿಹಾಸವಿದೆ. ರೈತನ ಪಂಪು, ಸರಕಿನ ಲಾರಿ, ಬಡವನ ಎಸ್.ಟಿ. ಬಸ್ಸು ಇವುಗಳಿಗೆ ಹೊರೆಯಾಗಬಾರದೆಂದು ಸರಕಾರ ದಶಕಗಳ ಕಾಲ ಡೀಸೆಲಿನ ಬೆಲೆಯನ್ನು ಹಿಡಿದಿಟ್ಟಿತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಮುಕ್ತಗೊಳಿಸಲಾಯಿತು. ಡೀಸೆಲ್ ಹಾಗೆಯೇ ಉಳಿಯಿತು. 2012ರ ಬೇಸಿಗೆಯಲ್ಲಿ ಮುಂಬಯಿಯಲ್ಲಿ ಇವೆರಡರ ನಡುವಣ ಅಂತರ ಲೀಟರಿಗೆ 30 ರೂಪಾಯಿಯನ್ನೂ ಮೀರಿತ್ತು. ಲಾರಿಗೂ ರೈತನಿಗೂ ಮೀಸಲಾದ ಈ ರಿಯಾಯಿತಿಯನ್ನು ಮೇಲ್ವರ್ಗದವರ ಮೋಟಾರುಗಳು ಕುಡಿಯುತ್ತಿವೆಯೆಂದು ಕಂಡ ಕಿರೀಟ್ ಪಾರಿಖ್ ಸಮಿತಿ 2010ರಲ್ಲಿಯೇ ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿಗಳ ಹೆಚ್ಚುವರಿ ಸುಂಕವನ್ನು ಸೂಚಿಸಿತ್ತು. 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ಅಷ್ಟಷ್ಟಾಗಿ ಏರಿಸುತ್ತ ಬಂದು, 2014ರ ಅಕ್ಟೋಬರಿನಲ್ಲಿ ಅದನ್ನೂ ಪೂರ್ಣ ಮುಕ್ತಗೊಳಿಸಲಾಯಿತು. ಅಂದಿಗೆ ಆ ಹಳೆಯ ಲೆಕ್ಕ ಮುಗಿಯಿತು. 2024ರ ಜುಲೈನಲ್ಲಿ ಮಹಾರಾಷ್ಟ್ರ ಸರಕಾರ ಮುಂಬಯಿ, ಠಾಣೆ, ನವಿಮುಂಬಯಿ ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ಡೀಸೆಲಿನ ಮೇಲಿನ ತೆರಿಗೆಯನ್ನು ಶೇ. 24ರಿಂದ ಶೇ. 21ಕ್ಕೆ ಇಳಿಸಿದ ಮೇಲೆಯೂ ಅಂತರ ಹಿಂದಿನ ಮಟ್ಟಕ್ಕೆ ಮರಳಲಿಲ್ಲ. 2025ರಲ್ಲಿ ನಮ್ಮ ಕಡೆಯ ಪಂಪುಗಳಲ್ಲಿ ಪೆಟ್ರೋಲಿಗೆ ಸುಮಾರು 103 ರೂಪಾಯಿ 50 ಪೈಸೆ, ಡೀಸೆಲಿಗೆ ಸುಮಾರು 90 ರೂಪಾಯಿ. ಕಾಲ ಬದಲಾಗಿದೆ, ಮನಸ್ಸು ಮಾತ್ರ 2012ರಲ್ಲಿಯೇ ನಿಂತಿದೆ.

ಇನ್ನು ಗಾಡಿಯ ವಿಚಾರ. ಡೀಸೆಲ್ ಎಂಜಿನ್ನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಒಂದು ಲೀಟರು ಡೀಸೆಲಿನಲ್ಲಿ ಒಂದು ಲೀಟರು ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಅಡಗಿದೆ. ಗಾಳಿಯನ್ನು ಹೆಚ್ಚು ಒತ್ತಡಕ್ಕೆ ಸಿಲುಕಿಸಿ, ಆ ಕಾವಿನಿಂದಲೇ ಎಣ್ಣೆಯನ್ನು ಉರಿಸುವುದರಿಂದ ಆ ಶಕ್ತಿಯ ಹೆಚ್ಚಿನ ಪಾಲು ಚಕ್ರಕ್ಕೆ ತಲುಪುತ್ತದೆ. ಆದರೆ ಹೀಗೆ ಗಳಿಸಿದ ಉಳಿತಾಯವನ್ನು ಗಾಡಿಯ ಗಾತ್ರ ನುಂಗಿಹಾಕುತ್ತದೆ. 2.8 ಲೀಟರ್ ಎಂಜಿನ್ನಿನ ಟೊಯೋಟಾ ಫಾರ್ಚ್ಯೂನರ್ ಎರಡು ಟನ್ನಿಗೂ ಮಿಕ್ಕಿ ತೂಗುತ್ತದೆ. ಮಾರುತಿ ಸ್ವಿಫ್ಟ್ ಸುಮಾರು 900 ಕಿಲೋ. ಪುಣೆಯ ಎ.ಆರ್.ಎ.ಐ. ಸಂಸ್ಥೆಯ ಪರೀಕ್ಷೆಯ ಅಂಕಿಗಳಂತೆ ಲೀಟರಿಗೆ ಮೊದಲನೆಯದು ಸುಮಾರು 14 ಕಿಲೋಮೀಟರು, ಎರಡನೆಯದು ಸುಮಾರು 24 ಕಿಲೋಮೀಟರು ಓಡುತ್ತದೆ. ಇವು ಉರುಳೆಗಳ ಮೇಲೆ ಚಕ್ರ ತಿರುಗಿಸಿ, ಎ.ಸಿ. ಹಾಕದೆ ಅಳೆದ ಅಂಕಿಗಳು. ಶಿಳ್‌ಫಾಟಾದ ಸಂಜೆಯ ದಟ್ಟಣೆಯನ್ನಾಗಲಿ, ಮುಂಬ್ರಾ ಬೈಪಾಸಿನ ಕಂಟೇನರುಗಳ ಸಾಲನ್ನಾಗಲಿ ಆ ಉರುಳೆಗಳು ಕಂಡಿಲ್ಲ.

ನಿಂತು ಹೊರಡುವ ದಾರಿಯಲ್ಲಿ ಎಣ್ಣೆ ಎಲ್ಲಿ ಹೋಗುತ್ತದೆ? ಪ್ರತಿ ಸಲ ಹೊರಟಾಗಲೂ ಗಾಡಿಯ ಇಡೀ ತೂಕಕ್ಕೆ ವೇಗ ಕೊಡಬೇಕು. ಮುಂದಿನ ಸಿಗ್ನಲಿನಲ್ಲಿ ಆ ಶಕ್ತಿಯನ್ನೆಲ್ಲ ಬ್ರೇಕಿನ ಬಿಸಿಯಾಗಿ ಚೆಲ್ಲಬೇಕು. ಒಂದೇ ವೇಗಕ್ಕೆ ಏರಲು ಎರಡು ಟನ್ನಿನ ಗಾಡಿಗೆ ಸಣ್ಣ ಕಾರಿನ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಹೆದ್ದಾರಿಯಲ್ಲಾದರೋ ಶತ್ರು ಗಾಳಿ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಎತ್ತರವೂ ಅಗಲವೂ ಆದ ಮೂತಿಯ ಗಾಡಿಗೆ ಈ ದಂಡ ಇನ್ನೂ ಭಾರಿ. ನಾಲ್ಕು ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ, ಮುಂದಿನ ಅಚ್ಚಿನ ಗೇರು, ಉದ್ದನೆಯ ಶಾಫ್ಟು ಇವೆಲ್ಲ ಬಳಸಿದರೂ ಬಳಸದಿದ್ದರೂ ಗಾಡಿಯೊಡನೆ ಸಾಗುವ ಭಾರ. ಬಳಸದೆ ಹೊತ್ತು ತಿರುಗುವುದಕ್ಕೂ ಎಣ್ಣೆ ಸುಡಬೇಕು.

ಈಗ ಒಂದು ಮನೆಯ ಲೆಕ್ಕ ಹಾಕೋಣ. ವರ್ಷಕ್ಕೆ 10,000 ಕಿಲೋಮೀಟರು ಓಡಾಟವೆಂದೂ, ನಮ್ಮ ದಟ್ಟಣೆಯಲ್ಲಿ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 15, ದೊಡ್ಡ ಡೀಸೆಲ್ ಗಾಡಿ 10 ಕಿಲೋಮೀಟರು ಕೊಡುತ್ತದೆಂದೂ ಇಟ್ಟುಕೊಳ್ಳಿ. ಪೆಟ್ರೋಲಿಗೆ ಬೆರೆಸುವ ಶೇ. 20ರ ಎಥೆನಾಲಿನಿಂದ ಸಣ್ಣ ಕಾರಿಗೆ ತಗಲುವ ನಷ್ಟವನ್ನೂ ಈ 15ರೊಳಗೇ ಸೇರಿಸಿದ್ದೇನೆ. ಸಣ್ಣ ಕಾರಿಗೆ ಸುಮಾರು 667 ಲೀಟರು, ಅಂದರೆ 69,000 ರೂಪಾಯಿ. ದೊಡ್ಡದಕ್ಕೆ 1,000 ಲೀಟರು, 90,000 ರೂಪಾಯಿ. ‘ಅಗ್ಗದ’ ಡೀಸೆಲಿಗೆ ವರ್ಷಕ್ಕೆ 21,000 ರೂಪಾಯಿ ಹೆಚ್ಚು. ಇಬ್ಬರ ಖರ್ಚೂ ಸರಿಸಮವಾಗಬೇಕಾದರೆ ಆ ದೊಡ್ಡ ಗಾಡಿ ಇದೇ ದಟ್ಟಣೆಯಲ್ಲಿ 13 ಕಿಲೋಮೀಟರು ಕೊಡಬೇಕು. ಅದು ಸುಲಭದ ಮಾತಲ್ಲ. ಇದರ ಮೇಲೆ ಖರೀದಿಯ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಶೇ. 2ರಷ್ಟು ಹೆಚ್ಚಿನ ರಸ್ತೆ ತೆರಿಗೆ, ದೊಡ್ಡ ಟೈರು, ದೊಡ್ಡ ವಿಮೆ, ದೊಡ್ಡ ಕಂತು. ಆನೆ ಕೊಂಡವನಿಗೆ ಅಂಕುಶದ ಖರ್ಚೂ ತಪ್ಪದು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡದಿದ್ದರೆ ನ್ಯಾಯವಾಗದು. ನಮ್ಮ ಜನರ ವಾಹನದ ಹಂಬಲದ ಬೇರು ಇರುವುದು ಊರಿನ ದಾರಿಯಲ್ಲಿ. ಉಡುಪಿ, ಮಂಗಳೂರಿಗೆ ಕೋಲಕ್ಕೋ ಗೃಹಪ್ರವೇಶಕ್ಕೋ, ಧಾರವಾಡ, ವಿಜಯಪುರಕ್ಕೆ ಮದುವೆಗೋ ಜಾತ್ರೆಗೋ, ಅಜ್ಜಿಯಿಂದ ಮೊಮ್ಮಗನವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವುದರ ಸುಖವೇ ಬೇರೆ. ಬೇಸಗೆಯ ರಜೆಯಲ್ಲಿ ಕೊಂಕಣ ರೈಲ್ವೆಯ ಟಿಕೆಟು ಸಿಗುವುದು ಎಷ್ಟು ಪ್ರಯಾಸವೆಂಬುದನ್ನು ಈ ಓದುಗರಿಗೆ ಹೇಳಬೇಕಾಗಿಲ್ಲ. ಮಂಗಳೂರಿಗೆ ಸುಮಾರು 900 ಕಿಲೋಮೀಟರು. ಹೆದ್ದಾರಿಯಲ್ಲಿ ದೊಡ್ಡ ಗಾಡಿ ಲೀಟರಿಗೆ 12 ಕಿಲೋಮೀಟರು ಕೊಟ್ಟರೆ 75 ಲೀಟರು, 6,750 ರೂಪಾಯಿ. ಏಳು ಮಂದಿ ಕುಳಿತರೆ ತಲೆಗೆ ಸಾವಿರ ರೂಪಾಯಿಯೊಳಗೆ. ಸಣ್ಣ ಕಾರು 18 ಕಿಲೋಮೀಟರು ಕೊಟ್ಟರೆ 50 ಲೀಟರು, 5,175 ರೂಪಾಯಿ. ನಾಲ್ವರಿಗೆ ಹಂಚಿದರೆ ತಲೆಗೆ 1,300ರ ಹತ್ತಿರ. ತುಂಬಿದ ದೊಡ್ಡ ಗಾಡಿಯೇ ಇಲ್ಲಿ ಮಿತವ್ಯಯಿ! ಅದೇ ಗಾಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಹೊರಟರೆ ತಲೆಗೆ 3,375 ರೂಪಾಯಿ. ಸಣ್ಣ ಕಾರಿನಲ್ಲಾದರೆ 2,600ರೊಳಗೆ.

ಆದುದರಿಂದ ಗಾಡಿ ಎಷ್ಟು ಕೊಡುತ್ತದೆ ಎಂದು ಕೇಳುವುದಕ್ಕೆ ಮೊದಲು ಅದರಲ್ಲಿ ಎಷ್ಟು ಮಂದಿ ಕೂರುತ್ತಾರೆ ಎಂದು ಕೇಳಬೇಕು. ‘ಎವರೇಜ್ ಎಷ್ಟು?’ ಎಂಬ ನಮ್ಮ ಮುಂಬಯಿ ಕಡೆಯ ಪ್ರಶ್ನೆ ಅರ್ಧ ಪ್ರಶ್ನೆ ಮಾತ್ರ. ವರ್ಷಕ್ಕೆರಡು ಬಾರಿ ಊರಿಗೆ ಹೋಗಿ ಬರುವ 3,600 ಕಿಲೋಮೀಟರುಗಳಿಗಾಗಿ ಕೊಂಡ ಏಳು ಸೀಟಿನ ಗಾಡಿ, ಉಳಿದ ದಿನಗಳಲ್ಲಿ ಒಬ್ಬ ಮನುಷ್ಯನನ್ನು ಡೊಂಬಿವಲಿ ಸ್ಟೇಶನ್ನಿಗೋ ಐರೋಲಿಯ ಕಚೇರಿಗೋ ಹೊತ್ತೊಯ್ಯುತ್ತದೆ. ಆರು ಖಾಲಿ ಸೀಟುಗಳಿಗೂ ಆ ಮನೆಯ ಯಜಮಾನನೇ ಎಣ್ಣೆ ಹಾಕುತ್ತಾನೆ.

ನಾಲ್ಕು ಚಕ್ರದ ಬಲ ನಮ್ಮ ನಾಡಿಗೆ ಹೊಸದಲ್ಲ. 1947ರ ಸುಮಾರಿಗೆ ಮುಂಬಯಿಯಲ್ಲಿ ಮಹೀಂದ್ರ ಕಂಪೆನಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಬಳಿಕ ಅವು ಮಲೆನಾಡಿಗೂ ಕೊಡಗಿಗೂ ಬಂದು ಅಲ್ಲಿನ ಬದುಕಿನ ಅಂಗವೇ ಆದವು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ, ಆಷಾಢದ ಕೆಸರಿನಲ್ಲಿ, ಗೊಬ್ಬರದ ಚೀಲವನ್ನೂ ಬಸುರಿ ಹೆಂಗಸನ್ನೂ ಒಂದೇ ನಿಷ್ಠೆಯಿಂದ ಹೊತ್ತದ್ದು ಆ ಜೀಪು. ಹಿಂದಿನ ಚಕ್ರ ಜಾರಿದಾಗ ಮುಂದಿನ ಚಕ್ರ ಎಳೆಯಬೇಕಾದ ಅಗತ್ಯ ಅಲ್ಲಿತ್ತು, ಇಂದಿಗೂ ಇದೆ. ಅಲ್ಲಿ ಅದು ಹಾರೆ ಗುದ್ದಲಿಯಂಥ ಒಂದು ಉಪಕರಣ. ಅದಕ್ಕೆ ಸುಡುವ ಎಣ್ಣೆ ಕೆಲಸದ ಕೂಲಿ. ಘೋಡ್‌ಬಂದರ್ ರಸ್ತೆಯ ಹೊಂಡಗಳು ಎಷ್ಟೇ ಆಳವಾಗಿರಲಿ, ಅವನ್ನು ದಾಟಲು ಬೇಕಾದದ್ದು ತಾಳ್ಮೆಯೂ ಒಳ್ಳೆಯ ಸ್ಪ್ರಿಂಗುಗಳೂ. ರಸ್ತೆಯನ್ನು ಸರಿಪಡಿಸಿರೆಂದು ಪಾಲಿಕೆಯನ್ನು ಒತ್ತಾಯಿಸುವ ಬದಲು, ಉಳ್ಳವರು ತಮ್ಮ ಗಾಡಿಯನ್ನು ಎತ್ತರಿಸಿಕೊಂಡರೆ ಹೊಂಡಗಳು ಬಡವನ ಸ್ಕೂಟರಿಗೆ ಶಾಶ್ವತವಾಗಿ ಉಳಿಯುತ್ತವೆ. ನನ್ನ ದೃಷ್ಟಿಯಲ್ಲಿ ಇದು ಎಣ್ಣೆಯ ಪ್ರಶ್ನೆಗಿಂತಲೂ ದೊಡ್ಡ ಸಾಮಾಜಿಕ ಪ್ರಶ್ನೆ.

ಮಿತವ್ಯಯದ ಗಾಡಿಯ ಪರಂಪರೆಯೂ ನಮ್ಮ ನೆರೆಯಲ್ಲಿಯೇ ಇತ್ತು. ಕಲ್ಯಾಣ–ಶಿಳ್ ರಸ್ತೆಯ ಬದಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ 1994ರಿಂದ ಕೆಲವು ವರ್ಷ ಪ್ಯೂಜೋ 309 ಕಾರು ತಯಾರಾಯಿತು. ಅದರ ಡೀಸೆಲ್ ಮಾದರಿಯ ಎಂಜಿನ್ ಕೇವಲ ಒಂದೂವರೆ ಲೀಟರಿನದು. ಕಾರ್ಮಿಕ ಕಲಹ, ಹಣಕಾಸಿನ ಬಿಕ್ಕಟ್ಟುಗಳಲ್ಲಿ ಆ ಉದ್ಯಮ ಮುಳುಗಿತು. ಅದೇ ಕಂಪೆನಿಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ವಿದಾಯ ಹೇಳಿತು. ಡೀಸೆಲ್ ಎಂದರೆ ಭಾರಿ ಗಾಡಿಯೇ ಆಗಬೇಕಿಲ್ಲ ಎಂಬುದಕ್ಕೆ ಆ 309 ಸಾಕ್ಷಿ. ಕನ್ನಡನಾಡಿನಿಂದಲೂ ಒಂದು ಪಾಠ ಬಂದಿದೆ. ಬಿಡದಿಯ ಕಾರ್ಖಾನೆಯಲ್ಲಿ ಫಾರ್ಚ್ಯೂನರೂ ತಯಾರಾಗುತ್ತದೆ, 2022ರ ಕೊನೆಯಲ್ಲಿ ಬಂದ ಇನೋವಾ ಹೈಕ್ರಾಸೂ ತಯಾರಾಗುತ್ತದೆ. ಪೆಟ್ರೋಲಿನೊಡನೆ ವಿದ್ಯುತ್ ಮೋಟಾರನ್ನೂ ಜೋಡಿಸಿದ ಹೈಕ್ರಾಸ್, ಬ್ರೇಕಿನಲ್ಲಿ ಚೆಲ್ಲಿಹೋಗುವ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಪರೀಕ್ಷೆಯಲ್ಲಿ ಲೀಟರಿಗೆ 23 ಕಿಲೋಮೀಟರು ಮೀರಿದೆ. ಏಳು ಮಂದಿಯ ಕುಟುಂಬಕ್ಕೆ ಡೀಸೆಲೇ ಗತಿಯೆಂಬ ವಾದ ಅಲ್ಲಿಗೆ ಸಡಿಲವಾಯಿತು. ಬೆಲೆ ದುಬಾರಿಯೆಂಬುದು ನಿಜ. ಆದರೆ ಫಾರ್ಚ್ಯೂನರ್ ಕೊಳ್ಳುವವನು ಆ ಮಾತನ್ನು ಆಡುವಂತಿಲ್ಲ.

ಹಣದ ಲೆಕ್ಕ ಮನೆಯದು; ಹೊಗೆಯ ಲೆಕ್ಕ ನೆರೆಯವರದು. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ಸಣ್ಣ ಕಾರಿನದು ವರ್ಷಕ್ಕೆ ಒಂದೂವರೆ ಟನ್ನು, ದೊಡ್ಡದರದು 2.7 ಟನ್ನು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದಿಂದಾಗಿ ಹೊಸ ಡೀಸೆಲ್ ಗಾಡಿಗಳು ಮಸಿಯನ್ನು ಸೋಸುವ ಫಿಲ್ಟರ್ ಹೊತ್ತಿವೆ ಎಂಬುದು ಸಮಾಧಾನದ ಸಂಗತಿ. ಆದರೆ ಆ ಫಿಲ್ಟರಿನಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಕೊಂಚ ದೂರ ತಡೆಯಿಲ್ಲದೆ ಓಡಿ, ಹೊಗೆಕೊಳವೆ ಚೆನ್ನಾಗಿ ಕಾಯಬೇಕು. ಮನೆಯಿಂದ ಸ್ಟೇಶನ್ನಿಗೆ, ಸ್ಟೇಶನ್ನಿನಿಂದ ಮನೆಗೆ ಎರಡೆರಡು ಕಿಲೋಮೀಟರು ತೆವಳುವ ಗಾಡಿಯಲ್ಲಿ ಫಿಲ್ಟರು ಕಟ್ಟಿಕೊಳ್ಳುತ್ತದೆ. ನಮ್ಮ ಉಪನಗರಗಳ ಬದುಕಿಗೆ ಈ ಯಂತ್ರ ಒಗ್ಗುವುದಿಲ್ಲವೆಂಬುದನ್ನು ಗಾಡಿಯೇ ಹೇಳುತ್ತಿದೆ. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಮಹಾನಗರ ಪ್ರದೇಶದಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳನ್ನು ಹಂತಹಂತವಾಗಿ ಕೈಬಿಡುವ ಸಾಧ್ಯತೆಯನ್ನು ಪರಿಶೀಲಿಸಬೇಕೆಂದಿತು. ರಾಜ್ಯ ಸರಕಾರ ಅದಕ್ಕಾಗಿ ಸಮಿತಿಯನ್ನೂ ನೇಮಿಸಿತು. ಠಾಣೆ ಜಿಲ್ಲೆಯ ನಾವು ಆ ಪ್ರದೇಶದೊಳಗೇ ಇದ್ದೇವೆ. ಏಳು ವರ್ಷದ ಕಂತಿಗೆ ಸಹಿ ಹಾಕುವವನು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಸರಕಾರದ ನೀತಿಯಲ್ಲಿಯೂ ವಿಸಂಗತಿಯಿದೆ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಬದಲಾದಾಗ ಸಣ್ಣ ಕಾರಿನ ತೆರಿಗೆ ಶೇ. 18ಕ್ಕೆ ಇಳಿದದ್ದು ಸ್ವಾಗತಾರ್ಹ. ಅದೇ ಏಟಿಗೆ ಸೆಸ್ ಸೇರಿ ಶೇ. 50 ಇದ್ದ ದೊಡ್ಡ ಎಸ್.ಯು.ವಿ.ಗಳ ತೆರಿಗೆ ಶೇ. 40ಕ್ಕೆ ಇಳಿಯಿತು. ಗಾಡಿಯ ಬೆಲೆ ಹೆಚ್ಚಾದಷ್ಟೂ ಶೇಕಡಾ ಹತ್ತರ ಇಳಿಕೆ ದೊಡ್ಡ ಮೊತ್ತವಾಗುತ್ತದೆ. ಎಣ್ಣೆಯ ಬಹುಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುವ ದೇಶ ಹೆಚ್ಚು ಎಣ್ಣೆ ಕುಡಿಯುವ ವಾಹನಕ್ಕೆ ಇಂಥ ಔದಾರ್ಯ ತೋರುವುದು ಎಷ್ಟರಮಟ್ಟಿಗೆ ಸರಿ? ಇದೇ ಔದಾರ್ಯ ಟಿ.ಎಂ.ಟಿ., ಎನ್.ಎಂ.ಎಂ.ಟಿ., ಕಲ್ಯಾಣ–ಡೊಂಬಿವಲಿಯ ಪಾಲಿಕೆ ಬಸ್ಸುಗಳಿಗೆ ದೊರೆತಿದ್ದರೆ ಎಷ್ಟೋ ಮನೆಗಳಿಗೆ ಎರಡನೆಯ ಗಾಡಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ನಿತ್ಯದ ಓಡಾಟಕ್ಕೆ ತಕ್ಕ ಗಾಡಿಯನ್ನು ಕೊಳ್ಳುವುದು, ವರ್ಷಕ್ಕೆರಡು ಸಲದ ಪಯಣಕ್ಕೆ ದೊಡ್ಡ ಗಾಡಿಯನ್ನು ಬಾಡಿಗೆಗೆ ಪಡೆಯುವುದು ಮೊದಲನೆಯ ದಾರಿ. ಎರಡನೆಯ ದಾರಿಯನ್ನು ನಮ್ಮ ಸಂಘಗಳೇ ತೆರೆಯಬಹುದು. ಗಣೇಶ ಚತುರ್ಥಿಗೂ ದೀಪಾವಳಿಗೂ ಒಂದೇ ತಾಲೂಕಿಗೆ ಹೊರಡುವ ಹತ್ತು ಮನೆಗಳು ನಮ್ಮ ಸದಸ್ಯರ ಪಟ್ಟಿಯಲ್ಲಿಯೇ ಇರುತ್ತವೆ. ಅವರನ್ನು ಒಂದು ಬಸ್ಸಿಗೋ ಮೂರು ತುಂಬಿದ ಗಾಡಿಗಳಿಗೋ ಕೂಡಿಸುವ ಕೆಲಸ ನಾಟಕ ಆಡಿಸುವುದಕ್ಕಿಂತ ಕಷ್ಟದ್ದೇನಲ್ಲ. ಭಾಷೆಯ ಹೆಸರಿನಲ್ಲಿ ಸೇರುವ ನಾವು ಊರಿನ ದಾರಿಯಲ್ಲಿ ಪ್ರತ್ಯೇಕ ಪ್ರತ್ಯೇಕವಾಗಿ ಎಣ್ಣೆ ಸುಡುವುದು ಸಂಘಟನೆಗೆ ಶೋಭೆಯಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆ ಈಗ ದೊಡ್ಡದಾಗಿದೆ, ಸಂತೋಷ. ಆದರೆ ಡೊಂಬಿವಲಿಯ ರಸ್ತೆ ದೊಡ್ಡದಾಗಿಲ್ಲ, ಅಲ್ಲಿನ ಗಾಳಿಯೂ ಹೆಚ್ಚಾಗಿಲ್ಲ. ಊರಿಗೆ ಹೋದಾಗ ನೆಂಟರಿಷ್ಟರು ಅಂಗಳಕ್ಕೆ ಬಂದು ನೋಡುವುದು ಗಾಡಿಯನ್ನಲ್ಲ, ಅದರಿಂದ ಇಳಿಯುವ ಜನರನ್ನು. ಅದು ತುಂಬಿ ಬಂದಿರಲಿ ಎಂಬುದಷ್ಟೇ ನನ್ನ ಅರಿಕೆ.