ಗ್ರಂಥಾಲಯದ ಸಂಜೆಯೂ ಬೀಗದ ಕಪಾಟೂ

ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಂಜೆಯ ಹೊತ್ತು ಮಕ್ಕಳಿಂದ ಚಿತ್ರ ಬರೆಯಿಸುವುದು, ಹಾಡು ಹಾಡಿಸುವುದು, ಮಣ್ಣಿನ ಬೊಂಬೆ ಮಾಡಿಸುವುದು ಈಗ ರೂಢಿಗೆ ಬರುತ್ತಲಿದೆ. ಇದನ್ನು ಕಂಡು ಕೆಲವು ಪಂಡಿತರು ಮೂಗು ಮುರಿಯುತ್ತಾರೆ. ಸರಸ್ವತಿಯ ಮಂದಿರದಲ್ಲಿ ಸಂತೆಯ ಗದ್ದಲವೇಕೆಂಬುದು ಅವರ ಆಕ್ಷೇಪ.

ಈ ಆಕ್ಷೇಪವು ನಿಲ್ಲತಕ್ಕದ್ದಲ್ಲ. ಸರಸ್ವತಿಯ ಒಂದು ಕೈಯಲ್ಲಿ ಪುಸ್ತಕವಿದ್ದರೆ ಎರಡು ಕೈಗಳಲ್ಲಿ ವೀಣೆಯಿದೆಯೆಂಬುದನ್ನು ಅವರು ಮರೆತರು. ಕುಮಾರವ್ಯಾಸನ ಭಾರತವು ಕನ್ನಡಿಗರ ಮನೆಮಾತಾದುದು ಮೌನವಾಗಿ ಓದಿದವರಿಂದ ಮಾತ್ರವಲ್ಲ. ಗುಡಿಯ ಜಗಲಿಯಲ್ಲಿ ಗಮಕಿಗಳು ವಾಚಿಸಲು, ಅಕ್ಷರವರಿಯದವರೂ ಕುಳಿತು ಕೇಳಿದುದರಿಂದ. ಬಡೋದೆಯ ಸಯಾಜಿರಾವ್ ಮಹಾರಾಜರು 1910ರಲ್ಲಿ ಅಮೆರಿಕದಿಂದ ಬೋರ್ಡನ್ನರನ್ನು ಕರೆಯಿಸಿ ಗ್ರಂಥಾಲಯಗಳಿಗೆ ವ್ಯವಸ್ಥೆ ಮಾಡಿಸಿದರು. ಆ ಸಂಸ್ಥಾನದಲ್ಲಿ ಪುಸ್ತಕದ ಪೆಟ್ಟಿಗೆಗಳ ಜೊತೆಗೆ ದೀಪಚಿತ್ರಗಳೂ ಹಳ್ಳಿಗಳಿಗೆ ಹೋದುವು.

ಹಾಗಾದರೆ ದೋಷವೇ ಇಲ್ಲವೆ? ಉಂಟು, ಅದು ಬೇರೆಡೆಯಲ್ಲಿದೆ. ಜನರು ನೆರೆದಿರುವ ಸಂಜೆಯಲ್ಲಿಯೇ ಅನೇಕ ಕಡೆ ಪುಸ್ತಕದ ಕಪಾಟಿಗೆ ಬೀಗ! ನವಿಲಿನ ಚಿತ್ರ ಬರೆದ ಹುಡುಗಿಗೆ ಹಕ್ಕಿಗಳ ಪುಸ್ತಕವೊಂದನ್ನು ತೆಗೆದುಕೊಡುವವರಿಲ್ಲ. ಪುಸ್ತಕವಿರುವುದು ಉಪಯೋಗಕ್ಕೆಂಬುದನ್ನು ರಂಗನಾಥನ್ ಅವರು 1931ರಲ್ಲಿಯೇ ಮೊದಲನೆಯ ಸೂತ್ರವಾಗಿ ವಿಧಿಸಿದರು. ಕರ್ನಾಟಕದಲ್ಲಿ 1965ರ ಕಾಯಿದೆಯ ಮೇರೆಗೆ ಜನರು ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ತೆರುತ್ತಾರೆ. ಕರ ತೆತ್ತವನು ಬೀಗದ ದರ್ಶನ ಮಾಡಿ ಹಿಂದಿರುಗಬೇಕೆ?

ಕಲೆಯ ಸಂಜೆ ನಡೆಯಲಿ, ಕಪಾಟೂ ತೆರೆದಿರಲಿ. ಬಂದ ಮಗುವು ಒಂದು ಪುಸ್ತಕವನ್ನು ಹಿಡಿದೇ ಮನೆಗೆ ಹೋಗಲಿ. ಪುಸ್ತಕವನ್ನು ಮರೆತ ಸಂಜೆಯು ಬರಿಯ ಜಾತ್ರೆ. ಜನರನ್ನು ಹೊರಗಟ್ಟಿದ ಗ್ರಂಥಾಲಯವು ಬರಿಯ ಉಗ್ರಾಣ.