ಹಪ್ಪಳದ ಲೆಕ್ಕ

ನಮ್ಮ ಶಾಲೆಯಲ್ಲಿ ವಿಜ್ಞಾನದ ಜೊತೆಗೆ ಎಂಟನೆಯ ತರಗತಿಯ ಗಣಿತವನ್ನೂ ನಾನೇ ತೆಗೆದುಕೊಳ್ಳುತ್ತೇನೆ. ಕಳೆದ ಫೆಬ್ರುವರಿಯಲ್ಲಿ ಲಾಭ–ನಷ್ಟದ ಪಾಠ ನಡೆದಿತ್ತು. ಒಬ್ಬ ವ್ಯಾಪಾರಿ ಗಡಿಯಾರ ಕೊಂಡ, ಮಾರಿದ, ಅವನಿಗೆ ಶೇಕಡಾ ಎಷ್ಟು ಲಾಭ ಎಂಬಂಥ ಲೆಕ್ಕಗಳನ್ನು ಮಾಡಿಸಿ ಮಾಡಿಸಿ ನನಗೇ ಬೇಸರ ಬಂದಿತ್ತು. 'ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಏನಾದರೂ ತಯಾರಿಸಿ ಮಾರುತ್ತಾರೇನ್ರೋ?' ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. 'ನಮ್ಮಮ್ಮ ಹಪ್ಪಳ ಮಾಡಿ ಅಂಗಡಿಗೆ ಹಾಕ್ತಾರೆ ಸಾರ್.'

ಸರಿ, ಆ ದಿನದ ಲೆಕ್ಕ ಹಪ್ಪಳದ್ದೇ ಆಯಿತು. ಅವಳು ಹೇಳುತ್ತ ಹೋದಳು, ನಾನು ಕಪ್ಪು ಹಲಗೆಯ ಮೇಲೆ ಬರೆಯುತ್ತ ಹೋದೆ. ಐದು ಕಿಲೋ ಉದ್ದಿನ ಹಿಟ್ಟಿಗೆ 750 ರೂಪಾಯಿ. ಮೆಣಸು, ಜೀರಿಗೆ, ಇಂಗು, ಉಪ್ಪು, ಹಪ್ಪಳದ ಖಾರ, ಎಣ್ಣೆ ಇವಕ್ಕೆಲ್ಲ 250. ಪ್ಲಾಸ್ಟಿಕ್ ಕವರಿಗೆ 60. ಅಂಗಡಿಗೆ ಹೋಗಿಬರುವ ಆಟೋಗೆ 80. ಒಟ್ಟು ಖರ್ಚು 1,140. ಅಂಗಡಿಯವರು ಕಿಲೋಗೆ 280ರಂತೆ ಐದು ಕಿಲೋಗೆ 1,400 ಕೊಡಬೇಕು. ಆದರೆ ಮುರಿದದ್ದು, ಮೆತ್ತಗಾಗಿ ವಾಪಸು ಬಂದದ್ದು ಅರ್ಧ ಕಿಲೋ ಕಳೆದರೆ ಕೈಗೆ ಬಂದದ್ದು 1,260. ಅಂದರೆ ಉಳಿದದ್ದು 120 ರೂಪಾಯಿ.

'ಲಾಭ ಬಂತು ಸಾರ್!' ಎಂದು ಇಡೀ ತರಗತಿ ಕೂಗಿತು. ನಾನು ಸುಮ್ಮನಿರಬಹುದಿತ್ತು. ಆದರೆ ಮೇಷ್ಟರ ಬುದ್ಧಿ ಕೇಳಬೇಕಲ್ಲ! 'ಹಿಟ್ಟು ಕುಟ್ಟಿ, ಉಂಡೆ ಮಾಡಿ, ಲಟ್ಟಿಸಿ, ಒಣಗಿಸಿ, ಕವರಿಗೆ ತುಂಬುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?' ಎಂದೆ. ಹತ್ತು ಗ್ರಾಮಿನ ಹಪ್ಪಳವೆಂದರೂ ಐದು ಕಿಲೋಗೆ ಐನೂರು ಹಪ್ಪಳ. ಹುಡುಗಿ ಬೆರಳು ಮಡಿಸಿ ಎಣಿಸಿ ಹದಿನೈದು ಗಂಟೆ ಎಂದಳು. 120ನ್ನು 15ರಿಂದ ಭಾಗಿಸಿದರೆ ಎಂಟು. ಗಂಟೆಗೆ ಎಂಟು ರೂಪಾಯಿ! ತರಗತಿ ತಣ್ಣಗಾಯಿತು.

'ಒಣಗಲು ಹಾಕುವುದು, ಮೋಡ ಬಂದರೆ ಓಡಿಹೋಗಿ ತೆಗೆಯುವುದು ಯಾರು?' ಎಂದು ಕೇಳಿದೆ. 'ನಾನು ಸಾರ್. ಅದಕ್ಕೇ ಶನಿವಾರ ಶಾಲೆಗೆ ಬರಲಿಲ್ಲ' ಎಂದಳು.

ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ನಾನೇ ಹಾಕಿದ್ದ ಗೈರುಹಾಜರಿ ಗುರುತುಗಳ ಅರ್ಥ ನನಗೆ ಅಂದು ತಿಳಿಯಿತು. ಹಪ್ಪಳದ ಲೆಕ್ಕದಲ್ಲಿ ಬರೆಯದೆ ಬಿಟ್ಟಿದ್ದ ಖರ್ಚು ಅದು.

ಮರುದಿನ ಅವಳು ಬಂದು, 'ನೀವು ಬರೆಸಿದ ಲೆಕ್ಕ ಅಮ್ಮ ನೋಡಿದ್ರು ಸಾರ್. ಇನ್ನು ಹಪ್ಪಳ ಮಾಡಲ್ಲ ಅಂದ್ರು' ಎಂದಾಗ ನನ್ನ ಎದೆ ಧಸಕ್ಕೆಂದಿತು. ಲೆಕ್ಕ ಸರಿಯಾಗಿತ್ತು. ಆದರೆ ಕಾಯಿಲೆ ಹೇಳಿ ಔಷಧ ಹೇಳದೆ ಎದ್ದುಹೋದ ವೈದ್ಯನ ಹಾಗೆ ನಾನು ನಡೆದುಕೊಂಡಿದ್ದೆ. ಆ ಭಾನುವಾರ ನನ್ನ ಹೆಂಡತಿಯನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಅಲ್ಲಿ ನಾನು ಹೇಳಿದ ಕಥೆಯನ್ನೇ ಇಲ್ಲಿಯೂ ಹೇಳುತ್ತೇನೆ. ಅದೂ ಹಪ್ಪಳದ ಕಥೆಯೇ.

1959ರ ಮಾರ್ಚ್ 15. ಮುಂಬಯಿಯ ಗಿರಗಾಂವ್‌ನಲ್ಲಿ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಸೇರಿದರು. ಅವರಲ್ಲಿ ಜಸವಂತಿಬೆನ್ ಜಮನಾದಾಸ್ ಪೋಪಟ್ ಒಬ್ಬರು. ಕೈಯಲ್ಲಿದ್ದದ್ದು ಛಗನ್‌ಲಾಲ್ ಕರಮಸಿ ಪಾರೇಖ್ ಎಂಬ ಹಿರಿಯರಿಂದ ಪಡೆದ 80 ರೂಪಾಯಿ ಸಾಲ. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣ ಹಪ್ಪಳ. ಅದನ್ನು ಭುಲೇಶ್ವರದ ಒಬ್ಬ ವ್ಯಾಪಾರಿಗೆ ಕೊಟ್ಟರು. ಯಾರಿಂದಲೂ ದಾನ ಪಡೆಯುವುದಿಲ್ಲವೆಂದು ಅವರು ಆರಂಭದಲ್ಲೇ ನಿಶ್ಚಯಿಸಿದ್ದರು. ಅಗ್ಗದ ಹಪ್ಪಳವನ್ನೂ ಮಾಡಿ ಮಾರೋಣವೆಂಬ ಯೋಚನೆ ಬಂದಾಗ ಪಾರೇಖರು ಬೇಡವೆಂದರು. ಗುಣಮಟ್ಟ ಒಂದೇ ಇರಲಿ, ಲೆಕ್ಕವನ್ನು ಅಚ್ಚುಕಟ್ಟಾಗಿ ಇಡಿ ಎಂದು ತಿಳಿಹೇಳಿದರು. ಮೊದಲ ವರ್ಷದ ಮಾರಾಟ 6,196 ರೂಪಾಯಿ. ಇಂದು ಸಾವಿರ ಕೋಟಿ ರೂಪಾಯಿಗೂ ಮೀರಿದ ವಹಿವಾಟು ನಡೆಸುವ, ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿರುವ 'ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್' ಸಂಸ್ಥೆಯ ಆರಂಭ ಇದು. ಜಸವಂತಿಬೆನ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಇದರಲ್ಲಿ ನನ್ನಂಥ ವಿಜ್ಞಾನದ ಮೇಷ್ಟರಿಗೆ ಬಹಳ ಇಷ್ಟವಾದ ಪ್ರಸಂಗವೊಂದಿದೆ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತುಹೋಯಿತು. ಮರುವರ್ಷ ಅವರು ಒಂದು ಮಂಚ ಮತ್ತು ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಉರಿಯುವ ಸ್ಟೌ. ಮಳೆ ಹೊರಗೆ ಸುರಿಯುತ್ತಿದ್ದರೂ ಹಪ್ಪಳ ಒಳಗೆ ಒಣಗಿತು!

ಮಕ್ಕಳೇ, ಇದರ ಹಿಂದಿನ ವಿಜ್ಞಾನವೇನು? 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಮಳೆಗಾಲದಲ್ಲಿ ಗಾಳಿ ಹೆಚ್ಚುಕಡಿಮೆ ಅಷ್ಟನ್ನೂ ತುಂಬಿಕೊಂಡಿರುತ್ತದೆ. ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸಿದ ಹಾಗೆ, ಹಪ್ಪಳದ ತೇವ ಅದಕ್ಕೆ ಬೇಡ. ಅದೇ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 51 ಗ್ರಾಂ ಹಿಡಿಯಬಲ್ಲದು. ಅದರ ಸಾಪೇಕ್ಷ ಆರ್ದ್ರತೆ ಶೇಕಡಾ ನೂರರಿಂದ ಅರವತ್ತರ ಹತ್ತಿರಕ್ಕೆ ಇಳಿಯುತ್ತದೆ. ಬಿಸಿಗಾಳಿ ಹಗುರವಾದ್ದರಿಂದ ತಾನಾಗಿಯೇ ಮೇಲಕ್ಕೇರಿ, ಹಪ್ಪಳವನ್ನು ಸವರಿ, ತೇವವನ್ನು ಹೊತ್ತೊಯ್ಯುತ್ತದೆ. ಆ ಸೋದರಿಯರು ಆರ್ದ್ರತೆಯ ಪಾಠ ಓದಿ ಮಂಚ ಕೊಳ್ಳಲಿಲ್ಲ. ಒಬ್ಬಳೇ ಇದ್ದಿದ್ದರೆ 'ಮಳೆಗಾಲ, ಏನು ಮಾಡುವುದು' ಎಂದು ಲಟ್ಟಣಿಗೆಯನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದಳೇನೋ. ಹಲವರು ಕೂಡಿದ್ದರಿಂದ ನಿಂತುಹೋದ ಕೆಲಸ ಎಲ್ಲರ ಸಮಸ್ಯೆಯಾಯಿತು, ಎಲ್ಲರ ತಲೆಯೂ ಓಡಿತು.

ಆ ಸಂಸ್ಥೆಯ ಇನ್ನೆರಡು ನಿಯಮಗಳನ್ನು ಪೋಷಕರು ಗಮನಿಸಬೇಕು. ಬೆಳಿಗ್ಗೆ ಕೇಂದ್ರದಲ್ಲಿ ಒಂದೇ ಹದದಲ್ಲಿ ಕಲಸಿದ ಹಿಟ್ಟನ್ನು ಸೋದರಿಯರು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ಮರುದಿನ ತಂದು ತೂಗಿಸುತ್ತಾರೆ. ಲಟ್ಟಿಸಿದ ಕೂಲಿಗೆ ಪ್ರತ್ಯೇಕ ಲೆಕ್ಕವಿದೆ. ಲಾಭವಾದರೂ ನಷ್ಟವಾದರೂ ಎಲ್ಲರಿಗೂ ಪಾಲಿದೆ. ಎರಡನೆಯದು, ಆರಂಭದಲ್ಲಿ ಚಿಕ್ಕ ಹುಡುಗಿಯರೂ ಸೇರಬಹುದಾಗಿತ್ತಂತೆ. ಅನಂತರ ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶ ಎಂದು ಗೊತ್ತುಮಾಡಿದರು. ತಾಯಿಯ ಉದ್ಯಮಕ್ಕೆ ಮಗಳ ಶಾಲೆಯ ದಿನ ಬಂಡವಾಳವಾಗಬಾರದು. ಎಂಟು ರೂಪಾಯಿಯ ಲೆಕ್ಕ ನೋಡಿದ ಮೇಲೆ ಈ ನಿಯಮದ ಬೆಲೆ ನನಗೆ ಚೆನ್ನಾಗಿ ಅರ್ಥವಾಗಿದೆ.

'ಅವರೆಲ್ಲ ದೊಡ್ಡ ಊರಿನವರು ಮೇಷ್ಟ್ರೇ. ನಾನು ನಾಲ್ಕನೇ ಕ್ಲಾಸು ಓದಿದವಳು' ಎಂದರು ಹುಡುಗಿಯ ತಾಯಿ. ಆಗ ಮಸ್ವಡದ ಕಥೆ ಹೇಳಬೇಕಾಯಿತು.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಾಣ್ ತಾಲ್ಲೂಕಿನಲ್ಲಿರುವ ಮಸ್ವಡ ಬರಗಾಲಕ್ಕೆ ಹೆಸರಾದ ಸೀಮೆ. ರಸ್ತೆ ಬದಿಯಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ಹೆಂಗಸೊಬ್ಬಳು, ಮಳೆಗಾಲದಲ್ಲಿ ಗುಡಿಸಲಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಕೊಳ್ಳಲು ಚೂರುಪಾರು ಉಳಿತಾಯ ಮಾಡಬೇಕೆಂದು ಬ್ಯಾಂಕಿಗೆ ಹೋದಾಗ ಖಾತೆ ತೆರೆಯಲು ಒಪ್ಪಲಿಲ್ಲ. ಅಲ್ಲಿ ನೆಲೆಸಿದ್ದ ಚೇತನಾ ಗಾಲಾ ಸಿನ್ಹಾ ಅವರು ಹಳ್ಳಿಯ ಮಹಿಳೆಯರನ್ನು ಕೂಡಿಸಿ ತಮ್ಮದೇ ಸಹಕಾರಿ ಬ್ಯಾಂಕಿಗೆ ಅರ್ಜಿ ಹಾಕಿಸಿದರು. ಸದಸ್ಯೆಯರು ಹೆಬ್ಬೆಟ್ಟು ಒತ್ತುವವರೆಂಬ ಕಾರಣಕ್ಕೆ ರಿಸರ್ವ್ ಬ್ಯಾಂಕು ಅರ್ಜಿಯನ್ನು ತಿರಸ್ಕರಿಸಿತು.

ಅವರು ಅಳುತ್ತ ಕೂರಲಿಲ್ಲ. ಓದು ಬರಹ ಕಲಿಯಲು ಕುಳಿತರು. ಕೆಲವು ತಿಂಗಳ ನಂತರ ಮತ್ತೆ ಹೋಗಿ ಅಧಿಕಾರಿಗಳಿಗೆ ಒಂದು ಸವಾಲು ಹಾಕಿದರು. ನಾವು ಬೆಳೆಯುವಾಗ ನಮ್ಮೂರಿನಲ್ಲಿ ಶಾಲೆ ಇರಲಿಲ್ಲ, ಅದು ನಮ್ಮ ತಪ್ಪಲ್ಲ. ಯಾವುದೇ ಅಸಲಿಗೆ ಬಡ್ಡಿ ಕೇಳಿ, ಬಾಯಿಲೆಕ್ಕದಲ್ಲಿ ಹೇಳುತ್ತೇವೆ. ನಿಮ್ಮ ಅಧಿಕಾರಿಗಳೂ ಕ್ಯಾಲ್ಕುಲೇಟರ್ ಇಲ್ಲದೆ ಮಾಡಲಿ, ಯಾರು ಬೇಗ ಹೇಳುತ್ತಾರೋ ನೋಡೋಣ ಎಂದರು! 1997ರಲ್ಲಿ ಮಾಣ್‌ದೇಶಿ ಮಹಿಳಾ ಸಹಕಾರಿ ಬ್ಯಾಂಕು ಆರಂಭವಾಯಿತು. ಸಾಲ ಕೊಟ್ಟರಷ್ಟೇ ಸಾಲದು, ವ್ಯಾಪಾರವನ್ನೂ ಕಲಿಸಬೇಕೆಂದು 2006ರಲ್ಲಿ ಹಳ್ಳಿಯ ಮಹಿಳೆಯರಿಗಾಗಿ ವ್ಯಾಪಾರ ಶಾಲೆಯನ್ನೇ ತೆರೆದರು. ಮನೆಯಿಂದ ದೂರ ಬರಲಾಗದವರ ಊರಿಗೆ ಬಸ್ಸೇ ಹೋಗುತ್ತದೆ, ಬಸ್ಸಿನೊಳಗೇ ತರಗತಿ. ಕಲಿಯುವವರು ಶಾಲೆಗೆ ಬರಲಾಗದಿದ್ದರೆ ಶಾಲೆ ಅವರ ಬಳಿಗೆ ಹೋಗಬೇಕು ಎಂಬುದು ನನ್ನಂಥ ಮೇಷ್ಟರಿಗೂ ಪಾಠವೇ.

ನಮ್ಮ ರಾಜ್ಯದಲ್ಲೂ ಇಂಥ ದಾರಿಗಳಿಗೆ ಕೊರತೆಯಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ಅದೇ ಮಾದರಿಯ ತರಬೇತಿ ಸಂಸ್ಥೆಗಳು ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. 1983ರಲ್ಲಿ ಬೆಂಗಳೂರಿನಲ್ಲಿ 'ಅವೇಕ್' ಎಂಬ ಮಹಿಳಾ ಉದ್ಯಮಿಗಳ ಸಂಘ ಹುಟ್ಟಿತು. ಉದ್ಯಮ ನಡೆಸಿ ಪಳಗಿದ ಮಹಿಳೆಯರೇ ಹೊಸಬರಿಗೆ ಸಲಹೆ ಕೊಡುವುದು ಅದರ ಹೆಗ್ಗಳಿಕೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಆಹಾರ ತಯಾರಿಕೆ ಮತ್ತು ಸಂರಕ್ಷಣೆಯ ಬಗ್ಗೆ ಅಲ್ಪಾವಧಿಯ ತರಬೇತಿ ನಡೆಸುತ್ತದೆ. ಇನ್ನು ಸ್ವಸಹಾಯ ಸಂಘಗಳಂತೂ ಬೀದಿಗೊಂದಿವೆ. ನಬಾರ್ಡ್ 1992ರಲ್ಲಿ 500 ಸಂಘಗಳಿಗೆ ಬ್ಯಾಂಕ್ ಸಂಪರ್ಕ ಕಲ್ಪಿಸುವ ಪ್ರಯೋಗ ಕೈಗೊಂಡಿತು. ನಮ್ಮಲ್ಲಿ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು.

ಆದರೆ ಒಂದು ಮಾತು. ಸಂಘದ ವಾರದ ಸಭೆ ಎಂದರೆ ಕಂತು ಕಟ್ಟಿ, ಸಹಿ ಹಾಕಿ, ಎದ್ದು ಬರುವುದು ಎಂದಾಗಿಬಿಟ್ಟಿರುವುದೂ ಉಂಟು. ಸಾಲದ ಹಣ ಬರುತ್ತದೆ, ಕಲಿಕೆ ಬರುವುದಿಲ್ಲ. ಗಂಟೆಗೆ ಎಂಟು ರೂಪಾಯಿ ಹುಟ್ಟುವ ಕೆಲಸಕ್ಕೆ ಸಾಲ ತಂದು ಸುರಿದರೆ ಹೆಚ್ಚುವುದು ಲಾಭವಲ್ಲ, ದಣಿವು. 'ನಿನ್ನ ಹಿಟ್ಟು ಎಲ್ಲಿ ತಂದೆ? ಎಷ್ಟಕ್ಕೆ? ನನ್ನದೇಕೆ ಮುರಿಯಿತು?' ಎಂಬ ಮಾತುಗಳು ಆಡಬೇಕಾದ್ದು ಅಲ್ಲಿಯೇ. ಹಪ್ಪಳ ಮಾಡುವ ವಿದ್ಯೆ ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲದಿರುವುದು ಜೊತೆಯಲ್ಲಿ ಕುಳಿತು ಲೆಕ್ಕ ಹಾಕುವ ನಾಲ್ಕು ಜನ.

ಆ ಭಾನುವಾರ ನಾವು ಮಾತಾಡುತ್ತಿದ್ದಾಗ ಪಕ್ಕದ ಮನೆಯವರು ಇಬ್ಬರು ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಬ್ಬರು ಚಕ್ಕುಲಿ ಮಾಡುವವರು, ಇನ್ನೊಬ್ಬರದು ಅಕ್ಕಿ ಸಂಡಿಗೆ. ಮೂರು ಮನೆಯವರೂ ಒಂದೇ ಅಂಗಡಿಗೆ ಬೇರೆ ಬೇರೆ ಆಟೋದಲ್ಲಿ ಹೋಗುತ್ತಿದ್ದರು! ಅದು ಬಾಯಿಗೆ ಬಂದ ಕೂಡಲೇ ಎಲ್ಲರೂ ನಕ್ಕರು. ಅಲ್ಲಿಂದ ಶುರುವಾಯಿತು. ಇನ್ನೊಬ್ಬರು ಸೇರಿ ನಾಲ್ವರಾದರು. ಹಿಟ್ಟನ್ನು ಸಗಟು ಅಂಗಡಿಯಿಂದ ಒಟ್ಟಿಗೆ ತಂದರು. ಒಂದು ತಕ್ಕಡಿ ಕೊಂಡರು. ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿ ಎಲ್ಲ ಹಪ್ಪಳವನ್ನೂ ಒಂದೇ ಅಳತೆಗೆ ತಂದರು. ತಣ್ಣಗಾಗುವ ಮೊದಲೇ ಕವರಿಗೆ ತುಂಬಿದರೆ ಒಳಗಿನ ಆವಿ ನೀರಾಗಿ ಹಪ್ಪಳ ಮೆತ್ತಗಾಗುತ್ತದೆಂದು ಸಂಡಿಗೆಯವರು ಹೇಳಿಕೊಟ್ಟರು. ಮೇಷ್ಟರಾದ ನನಗೆ ಅದು ಹೊಳೆದಿರಲಿಲ್ಲ. ಅಂಗಡಿಯವರ ಬಳಿ ನಾಲ್ವರೂ ಒಟ್ಟಿಗೆ ಹೋಗಿ ಕಿಲೋಗೆ 20 ರೂಪಾಯಿ ಹೆಚ್ಚು ಕೇಳಿ ಪಡೆದರು. ಒಬ್ಬರೇ ಹೋಗಿದ್ದಾಗ ಆ ಮಾತು ಗಂಟಲಿನಿಂದಲೇ ಹೊರಡುತ್ತಿರಲಿಲ್ಲವಂತೆ.

ಈಗ ಹುಡುಗಿಯ ತಾಯಿಗೆ ಗಂಟೆಗೆ ನಲವತ್ತರ ಹತ್ತಿರ ಉಳಿಯುತ್ತಿದೆ. ಇದೇನೂ ದೊಡ್ಡ ಗಳಿಕೆಯಲ್ಲ, ಕೂಲಿ ಕೆಲಸಕ್ಕೆ ಹೋದರೂ ಇದಕ್ಕಿಂತ ಹೆಚ್ಚು ಸಿಕ್ಕೀತು. ಆದರೆ ಏನು ಮಾಡಿದರೆ ಎಂಟು ನಲವತ್ತಾಯಿತೆಂಬುದು ಅವರಿಗೆ ಗೊತ್ತು. ಮುಂದಿನದೂ ಗೊತ್ತಾಗುತ್ತದೆ. ಶನಿವಾರಗಳಲ್ಲಿ ನಾಲ್ಕು ಮನೆಯ ಹಪ್ಪಳ–ಸಂಡಿಗೆಯನ್ನು ಸರದಿಯಂತೆ ಒಬ್ಬರು ಕಾಯುತ್ತಾರೆ. ಹುಡುಗಿ ಶಾಲೆಯಲ್ಲಿರುತ್ತಾಳೆ. ಸಂಜೆ ನಾಲ್ವರ ಲೆಕ್ಕದ ಪುಸ್ತಕ ಬರೆಯುವುದು ಅವಳ ಪಾಲಿನ ಕೆಲಸ. ಅದಕ್ಕೆ ಅರ್ಧ ಗಂಟೆ ಸಾಕು.

ಮಕ್ಕಳೇ, ಈ ವಾರ ಒಂದು ಲೆಕ್ಕ ಮಾಡಿ. ನಿಮ್ಮ ಮನೆಯಲ್ಲಿ ತಾಯಿ, ಅಜ್ಜಿ, ಅತ್ತೆ ಯಾರೇ ಹೊಲಿಗೆಯೋ, ಹೂ ಕಟ್ಟುವುದೋ, ಹಾಲು ಮಾರುವುದೋ ಮಾಡುತ್ತಿದ್ದರೆ ಖರ್ಚು, ವರಮಾನ ಮತ್ತು ಗಂಟೆ ಈ ಮೂರನ್ನೂ ಬರೆಯಿರಿ. ಗಂಟೆಯನ್ನು ಮರೆಯಬೇಡಿ. ಪೋಷಕರೇ, ಆ ಕಾಗದವನ್ನು ನೋಡಿ ಬೇಸರಪಡಬೇಡಿ, ಬಚ್ಚಿಡಲೂ ಬೇಡಿ. ಪಕ್ಕದ ಮನೆಯವರಿಗೆ ತೋರಿಸಿ. ಅವರ ಬಳಿಯೂ ಅಂಥದೇ ಒಂದು ಕಾಗದ ಇರುತ್ತದೆ.