ನಮ್ಮ ವಿಡಿಯೋ, ನಮ್ಮ ಟಿವಿ, ಯಾರ ಅಪ್ಪಣೆ?

ಅಪ್ಪ ಹಾರ್ಮೋನಿಯಂ ನುಡಿಸುವ ಹನ್ನೊಂದು ನಿಮಿಷದ ವಿಡಿಯೋ ನನ್ನ ಕಂಪ್ಯೂಟರಿನಲ್ಲಿದೆ. ಅಪ್ಪ ಈಗಿಲ್ಲ. ಅಮ್ಮನ ಮಂಜುಗಣ್ಣಿಗೆ ಅದು ದೊಡ್ಡ ಟಿವಿಯಲ್ಲೇ ಕಾಣಬೇಕು. ನಾನು ತೋರಿಸುವುದು ಹಳೆಯ ಪ್ಲೇಸ್ಟೇಷನ್ 3ರ ಮೂಲಕ. "ಈ ಗುಜರಿ ಇನ್ನೂ ಯಾಕೆ ಇಟ್ಕೊಂಡಿದ್ದೀಯೋ?" ಎಂದು ಬಂದವರೆಲ್ಲ ಕೇಳುತ್ತಾರೆ.

ಕಾರಣವಿದೆ. ಮನೆಯ ಯಂತ್ರಗಳು ಪರಸ್ಪರ ವಿಡಿಯೋ ಹಂಚಿಕೊಳ್ಳಲು ಡಿಎಲ್ಎನ್ಎ ಎಂಬ ವ್ಯವಸ್ಥೆಯಿದೆ. 2007ರ ಅಪ್‌ಡೇಟಿನಲ್ಲಿ ಈ ಆಟದ ಪೆಟ್ಟಿಗೆಗೆ ಅದು ಬಂತು. ಕಂಪ್ಯೂಟರಿನಲ್ಲಿ ಮೀಡಿಯಾ ಸರ್ವರ್ ತಂತ್ರಾಂಶ ಚಾಲೂ ಮಾಡಿದರೆ ಸಾಕು, ವಿಡಿಯೋ ರೂಟರ್ ಮೂಲಕ ಟಿವಿಗೆ ಬರುತ್ತದೆ. ಮನೆಯ ಹೊಸಿಲು ದಾಟುವುದಿಲ್ಲ. ತಿಂಗಳ ಚಂದಾ ಇಲ್ಲ.

2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ಈ ಸೌಲಭ್ಯ ಮಾಯ! ಮರಳಿದ್ದು 2015ರಲ್ಲಿ. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಮತ್ತೆ ಮಾಯ. ಚಂದಾ ಕಟ್ಟಿ ನೋಡುವ ನೆಟ್‌ಫ್ಲಿಕ್ಸ್ ಮಾತ್ರ ಎರಡರಲ್ಲೂ ಮೊದಲಿನಿಂದಲೇ ಹಾಜರು. ಹೊಸ ಯಂತ್ರಕ್ಕೆ ಶಕ್ತಿ ಸಾಲದೆ ಹೀಗಾಯಿತೆಂದು ನಂಬಲು ನಾನು ತಯಾರಿಲ್ಲ.

"ಪೆನ್‌ಡ್ರೈವಿಗೆ ಹಾಕಿ ನೋಡಿ, ಎಚ್‌ಡಿಎಂಐ ಕೇಬಲ್ ಎಳೆಯಿರಿ" ಎನ್ನುವವರಿದ್ದಾರೆ. ನೋಡಬಹುದು. ಆದರೆ ದುಡ್ಡು ಕೊಟ್ಟು ಮನೆಗೆ ತಂದ ಯಂತ್ರ ಬಾಡಿಗೆ ಸಿನಿಮಾಕ್ಕೆ ಬಾಗಿಲು ತೆರೆದು, ಮನೆಯವರದೇ ವಿಡಿಯೋವನ್ನು ಹಿತ್ತಿಲ ಕಡೆಯಿಂದ ಬಾ ಎನ್ನುವುದು ಯಾವ ನ್ಯಾಯ? ಮುಂದಿನ ಪೆಟ್ಟಿಗೆ ಕೊಳ್ಳುವ ಮುನ್ನ ಅಂಗಡಿಯವನನ್ನು ಇದೊಂದು ಕೇಳಿ: ನನ್ನ ಕಂಪ್ಯೂಟರಿನ ವಿಡಿಯೋ ಇದರಲ್ಲಿ ಬರುತ್ತದೆಯೇ? ಇಲ್ಲವೆಂದರೆ ಎದ್ದು ಬನ್ನಿ. ನಾನಂತೂ ಗುಜರಿಯ ಧೂಳು ಒರೆಸಿ ಇಟ್ಟಿದ್ದೇನೆ.